ಕಂತು ಬರುವ ಮೊದಲು ಮಳೆ ಬರುತ್ತದೆ

ಊರಿಗೆ ಏನಾದರೂ ಮಾಡಬೇಕು ಎಂಬ ಮಾತು ಎದ್ದಾಗಲೆಲ್ಲ ನಮ್ಮ ಕನ್ನಡ ಕೂಟದಲ್ಲಿ ಅದು 'ಬಡವರಿಗೆ ಒಂದಿಷ್ಟು ಮನೆ ಕಟ್ಟಿಸಿಕೊಡೋಣ' ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಕಾರವಾರ, ಅಂಕೋಲಾ, ಶಿರಸಿ ಕಡೆಯ ಸದಸ್ಯರು ಅಮೆರಿಕದಲ್ಲಿ ಹೆಚ್ಚುತ್ತಿರುವುದರಿಂದ ಈ ಮಾತೂ ಹೆಚ್ಚಾಗಿದೆ. ಮನೆ ಕಟ್ಟಲು ಸರ್ಕಾರದ ಹಣವಿದೆ. ಪೂರ್ತಿ ಸಾಲದು, ಆದರೆ ಇದೆ. ಅಲ್ಲಿ ಇಲ್ಲದಿರುವುದು ಒಂದು ಕಂತಿನಿಂದ ಮುಂದಿನ ಕಂತಿನವರೆಗೆ ಓಡಿಸುವ ಕೈಹಣ, ಕಾಗದಪತ್ರ ಹಿಡಿದು ಕಚೇರಿಗೆ ಓಡಾಡುವ ಒಬ್ಬ ಮನುಷ್ಯ, ಮತ್ತು ಕೇರಿಗೊಂದು ಸರಿಯಾದ ಚರಂಡಿ. ನಮ್ಮ ಹಣ ಈ ಮೂರಕ್ಕೆ ಹೋಗಲಿ ಎಂಬುದು ಸಂಪಾದಕ ಮಂಡಳಿಯ ಸ್ಪಷ್ಟ ಅಭಿಪ್ರಾಯ.

2024ರಲ್ಲಿ ಶುರುವಾದ ಪ್ರಧಾನ ಮಂತ್ರಿ ಆವಾಸ್ ಯೋಜನೆ (ನಗರ) 2.0ರಲ್ಲಿ ಸ್ವಂತ ಜಾಗದಲ್ಲಿ ಮನೆ ಕಟ್ಟಿಕೊಳ್ಳುವವರಿಗೆ ಕೇಂದ್ರದಿಂದ 1.5 ಲಕ್ಷ, ರಾಜ್ಯದಿಂದ ಕನಿಷ್ಠ 1 ಲಕ್ಷ ರೂಪಾಯಿ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ 3 ಲಕ್ಷದೊಳಗಿರಬೇಕು, ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು, ಕಳೆದ 20 ವರ್ಷಗಳಲ್ಲಿ ಬೇರೆ ಯಾವ ವಸತಿ ಯೋಜನೆಯ ಲಾಭವನ್ನೂ ಪಡೆದಿರಬಾರದು. ಮನೆ 30ರಿಂದ 45 ಚದರ ಮೀಟರಿನದು. ಹಣ ಒಟ್ಟಿಗೆ ಬರುವುದಿಲ್ಲ. ತಳಪಾಯ ಮುಗಿಯಬೇಕು, ಜಿಪಿಎಸ್ ಫೋಟೋ ಏರಿಸಬೇಕು, ಆಮೇಲೆ ಕಂತು. ಗೋಡೆಗೂ ಹಾಗೆಯೇ, ಛಾವಣಿಗೂ ಹಾಗೆಯೇ. ಅಂದರೆ ಮೊದಲು ಖರ್ಚು ಮಾಡಬೇಕಾದವರು ಕೈಯಲ್ಲಿ ಕಾಸಿಲ್ಲದ ಫಲಾನುಭವಿಗಳೇ.

ಅವರು ಕೈಸಾಲ ಮಾಡುತ್ತಾರೆ. ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿ ಎಂದೇ ಇಟ್ಟುಕೊಳ್ಳಿ. 1 ಲಕ್ಷಕ್ಕೆ ಎಂಟು ತಿಂಗಳಲ್ಲಿ 24,000 ರೂಪಾಯಿ, ಅಂದರೆ ಸಹಾಯಧನದ ಸುಮಾರು ಹತ್ತರಲ್ಲೊಂದು ಪಾಲು ಬಡ್ಡಿಗೇ ಹೋಯಿತು. ಸಾಲವೂ ಸಿಗದವರ ಮನೆ ಲಿಂಟಲ್ ಮಟ್ಟಕ್ಕೆ, ಅಂದರೆ ಬಾಗಿಲು-ಕಿಟಕಿಯ ತಲೆಯ ಎತ್ತರಕ್ಕೆ, ನಿಲ್ಲುತ್ತದೆ. ಬಯಲುಸೀಮೆಯಲ್ಲಾದರೆ ಮುಂದಿನ ವರ್ಷ ಅಲ್ಲಿಂದಲೇ ಕೆಲಸ ಹಿಡಿಯಬಹುದು. ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಕಾರವಾರದಲ್ಲಿ ಛಾವಣಿಯಿಲ್ಲದ ಚಿರೇಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ ನಾಲ್ಕು ತಿಂಗಳು ನೀರು ಕುಡಿಯುತ್ತದೆ, ಸಂದಿನ ಗಾರೆ ತೊಳೆದುಹೋಗುತ್ತದೆ, ತೆರೆದ ಕಂಬಿ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. ಮರುವರ್ಷ ಮೇಲಿನ ಎರಡು-ಮೂರು ವರಸೆ ಕಿತ್ತು ಮತ್ತೆ ಕಟ್ಟಬೇಕು. ಆ ಖರ್ಚಿಗೆ ಯಾವ ಕಂತೂ ಇಲ್ಲ.

ಆದ್ದರಿಂದ ಕಂತು ಬರುವವರೆಗೆ ಸಾಲ ಕೊಡಲು ನಮ್ಮ ಹಣದಿಂದ ಕಟ್ಟುವ ಕೈಹಣದ ನಿಧಿಯನ್ನು ಮಳೆಯ ಪಂಚಾಂಗಕ್ಕೆ ಹೊಂದಿಸಬೇಕು. ದೀಪಾವಳಿ ಮುಗಿಯುತ್ತಲೇ ತಳಪಾಯ, ಸಂಕ್ರಾಂತಿಯಿಂದ ಗೋಡೆ, ಯುಗಾದಿಯ ಹೊತ್ತಿಗೆ ಛಾವಣಿಯ ಕೆಲಸ ಶುರು. ಮೃಗಶಿರಾ ಮಳೆ ಹುಟ್ಟುವುದು ಜೂನ್ 7-8ರ ಸುಮಾರಿಗೆ. ಮೇ ಮೂರನೇ ವಾರದೊಳಗೆ ತಲೆಯ ಮೇಲೆ ಸೂರು ಬಿದ್ದಿರಬೇಕು. ಫೆಬ್ರವರಿ ಕೊನೆಗೂ ಗೋಡೆ ಏಳದ ಮನೆಗೆ ಆ ವರ್ಷ ಛಾವಣಿಯ ಹಣ ಕೊಡುವ ಬದಲು ಗೋಡೆಯ ತಲೆಗೆ ಗಾರೆ ಬಳಿದು ತಾಡಪತ್ರಿ ಕಟ್ಟಿಸುವುದು ಲೇಸು. ಚಿರೇಕಲ್ಲನ್ನು ದೀಪಾವಳಿಗೇ ಖರೀದಿಸಬೇಕೆನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಆಗಷ್ಟೇ ಕಡಿದು ತಂದ ಕಲ್ಲು ಮೆತ್ತಗಿರುತ್ತದೆ. ಎರಡು-ಮೂರು ತಿಂಗಳು ಗಾಳಿಬಿಸಿಲಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಇಪ್ಪತ್ತು ಮನೆಗೆ ಒಟ್ಟಿಗೆ ತರಿಸಿದರೆ ಲಾರಿ ಬಾಡಿಗೆಯೂ ಉಳಿಯುತ್ತದೆ.

ಸಾಲ ಕೊಡುವ ಕೆಲಸ ಊರಿನ ಸಹಕಾರಿ ಸಂಘದ್ದೇ ಆಗಿರಲಿ. ಅಡಿಕೆ ಬೆಳೆಗಾರರ ಸಂಘಗಳನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದ ಶಿರಸಿ ಸೀಮೆಗೆ ಈ ವಿದ್ಯೆಯನ್ನು ನಾವು ಇಲ್ಲಿಂದ ಕಲಿಸಬೇಕಾಗಿಲ್ಲ. ನಿಯಮ ಮಾತ್ರ ಬಿಗಿಯಾಗಿರಬೇಕು. ಮಂಜೂರಾತಿ ಸಂಖ್ಯೆ ಮತ್ತು ಕೆಲಸದ ಆದೇಶ ಕೈಗೆ ಬಂದ ಮನೆಗೆ ಮಾತ್ರ ಹಣ. 'ಆಗುತ್ತದಂತೆ' ಎಂಬ ಮನೆಗೆ ಇಲ್ಲ. ಒಂದು ಹಂತದ ಮೊತ್ತ ಮಾತ್ರ, ಅದೂ ಕಲ್ಲು-ಸಿಮೆಂಟಿನ ಅಂಗಡಿಗೆ ನೇರವಾಗಿ. ಕಂತು ಬೀಳುವುದು ಫಲಾನುಭವಿಯ ಆಧಾರ್ ಜೋಡಿಸಿದ ಖಾತೆಗೆ, ಸಂಘ ಅದನ್ನು ತಡೆದು ಹಿಡಿಯಲಾರದು; ಹಾಗಾಗಿ ಐದೈದು ಮನೆಯ ಹೆಂಗಸರ ಗುಂಪು ಪರಸ್ಪರ ಜಾಮೀನು ನಿಲ್ಲಬೇಕು. ಗುಂಪಿನಲ್ಲಿ ಒಬ್ಬರ ಬಾಕಿ ತೀರಿದ ಮೇಲೆ ಇನ್ನೊಬ್ಬರ ಮುಂದಿನ ಹಂತ. ಸರ್ಕಾರದ ಕಂತು ತಡವಾದರೆ ಇಡೀ ನಿಧಿ ಹೆಪ್ಪುಗಟ್ಟುತ್ತದೆ, ಇಂಥ ನಿಧಿಗಳು ಮುಳುಗುವುದು ಇಲ್ಲೇ. ಕಾಲುಭಾಗವನ್ನು ಮುಟ್ಟದೆ ಇಟ್ಟಿರಬೇಕು. 20 ಲಕ್ಷದ ನಿಧಿಯಾದರೆ ಚಲಾವಣೆಗೆ 15 ಲಕ್ಷ. ಮನೆಗೆ 75,000ದಂತೆ ಒಮ್ಮೆಗೆ 20 ಮನೆ. ಮೊದಲ ವರ್ಷ ಹತ್ತೇ ಮನೆ ಸಾಕು. ಕಾರವಾರ ಬಂದರಿನ ಪಕ್ಕದ ಬೈತಖೋಲದಂಥ ಮೀನುಗಾರ ಕೇರಿಯಲ್ಲಿ ಇನ್ನೊಂದು ಗಮನಿಸಿ: ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ. ದುಡಿಮೆಯೇ ಇಲ್ಲದ ಆ ಎರಡು ತಿಂಗಳಿಗೆ ಮರುಪಾವತಿ ಇಡಲೇಬಾರದು.

ಛಾವಣಿಯ ಬಗ್ಗೆ ನಮಗೆ ಗಟ್ಟಿ ಅಭಿಪ್ರಾಯವಿದೆ. ಸ್ಲ್ಯಾಬ್ ಹಾಕಿದರೇ ಮರ್ಯಾದೆ ಎಂಬ ಭಾವನೆ ಎಲ್ಲ ಕಡೆ ಬೇರೂರಿದೆ. ಆದರೆ ಕರಾವಳಿಯ ಗಾಳಿಗೆ ತೆರೆದ ಕಾಂಕ್ರೀಟಿಗೆ ಭಾರತೀಯ ಮಾನಕ ಐಎಸ್ 456 ಕೇಳುವುದು ಎಂ30 ಎಂಬ ಗಟ್ಟಿ ದರ್ಜೆ ಮತ್ತು ಕಂಬಿಯ ಮೇಲೆ 45 ಮಿ.ಮೀ. ಕವರ್, ಅಂದರೆ ಕಾಂಕ್ರೀಟಿನ ಹೊದಿಕೆ. ಸಣ್ಣ ಮನೆಗಳಲ್ಲಿ ಮೇಸ್ತ್ರಿಗಳು ಸಾಮಾನ್ಯವಾಗಿ ಬಿಡುವುದು 15-20 ಮಿ.ಮೀ. ಉಪ್ಪು ಒಳಗಿಳಿದು ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಕೆಳಗಿನ ಪದರ ಚಕ್ಕೆಚಕ್ಕೆಯಾಗಿ ಉದುರುತ್ತದೆ. ತೊಳೆಯದ ಉಪ್ಪುಮರಳು ಸೇರಿದರಂತೂ ಕೇಳುವುದೇ ಬೇಡ. ಸಣ್ಣ ಬಜೆಟ್ಟಿನಲ್ಲಿ ಕೆಟ್ಟ ಸ್ಲ್ಯಾಬಿಗಿಂತ ಒಳ್ಳೆಯ ಹಂಚಿನ ಮಾಡು ಎಷ್ಟೋ ವಾಸಿ. ಹೊರ ಅಳತೆ 6 x 6.5 ಮೀಟರ್ ಇರುವ ಮನೆಗೆ ಸುತ್ತಲೂ 60 ಸೆಂ.ಮೀ. ಸೂರು ಬಿಟ್ಟು 30 ಡಿಗ್ರಿ ಇಳಿಜಾರು ಕೊಟ್ಟರೆ ಮಾಡು ಸುಮಾರು 64 ಚದರ ಮೀಟರ್ ಆಗುತ್ತದೆ. ಚದರ ಮೀಟರಿಗೆ 15 ಮಂಗಳೂರು ಹಂಚಿನಂತೆ 960, ಒಡೆಯುವುದಕ್ಕೆಂದು ಶೇ. 5 ಸೇರಿಸಿದರೆ ಸರಿಸುಮಾರು 1,000. ಹಂಚು ಒಡೆದರೆ ಮನೆಯವರೇ ಬದಲಿಸಿಕೊಳ್ಳಬಹುದು. ಹಂಚನ್ನು ಹೊರುವ ಪಕಾಸು-ರೀಪಿನ (ಇಳಿಜಾರು ಮರ ಮತ್ತು ಅದರ ಮೇಲಿನ ಅಡ್ಡಪಟ್ಟಿಗಳ) ಅಂತರ ಮೊದಲ ಸಾಲಿನಲ್ಲೇ ಅಳೆದು ನೋಡಬೇಕು, ಅಲ್ಲಿ ಒಂದು ಬೆರಳು ತಪ್ಪಿದರೆ ಮಾಡಿನುದ್ದಕ್ಕೂ ಸೋರುತ್ತದೆ. ಮಂಜೂರಾತಿಯ ನಕ್ಷೆಯಲ್ಲೇ ಹಂಚಿನ ಮಾಡನ್ನು ತೋರಿಸಿ ಎಂಜಿನಿಯರರ ಒಪ್ಪಿಗೆ ಪಡೆದಿರಬೇಕು. ಕಟ್ಟಿದ ಮೇಲೆ ಕೇಳಿದರೆ ಕಂತು ನಿಲ್ಲಬಹುದು.

ಇಷ್ಟೆಲ್ಲ ಜಾಗದ ದಾಖಲೆ ಇದ್ದವರ ಮಾತಾಯಿತು. ಅದಿಲ್ಲದವರಿಗೆ ಅರ್ಜಿಯೇ ಮುಂದೆ ಹೋಗುವುದಿಲ್ಲ. ಕೇರಿಯ ಜನರೇ ಸೇರಿ ಮೊದಲು ಒಂದು ನಕ್ಷೆ ಮಾಡಿಕೊಳ್ಳಬೇಕು: ಯಾವ ಮನೆ ಯಾವ ಸರ್ವೆ ನಂಬರಿನಲ್ಲಿದೆ, ಆ ಜಾಗ ಸರ್ಕಾರಿ ಕಂದಾಯದ್ದೋ, ಅರಣ್ಯದ್ದೋ, ನಗರಸಭೆಯದ್ದೋ, ಖಾಸಗಿಯೋ. ಕಂದಾಯ ಜಾಗವಾದರೆ, ಪಟ್ಟಣದ ಸರ್ಕಾರಿ ಜಾಗದಲ್ಲಿರುವ ಮನೆಯನ್ನು ಸಕ್ರಮಗೊಳಿಸುವ ಭೂಕಂದಾಯ ಕಾಯ್ದೆಯ 94ಸಿಸಿ ದಾರಿ. ಅರಣ್ಯವಾದರೆ ಅದು ನಡೆಯದು. 2006ರ ಅರಣ್ಯಹಕ್ಕು ಕಾಯ್ದೆಯೇ ಗತಿ, ಅದರಲ್ಲಿ ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಸಮುದ್ರ ಅಥವಾ ಕಾಳಿ ನದಿಯ ಅಳಿವೆಯ ಹತ್ತಿರವಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆಯನ್ನೂ ನೋಡಬೇಕು. ಮೊದಲೇ ಮನೆಗಳು ತುಂಬಿದ ಪಟ್ಟಣ ಪ್ರದೇಶ ಸಿಆರ್‌ಝಡ್-2ರಲ್ಲಿ ಬಂದಿದ್ದರೆ ಹಳೆಯ ರಸ್ತೆಯಿಂದ ಒಳನಾಡಿನ ಬದಿಗೆ ಕಟ್ಟಲು ಅವಕಾಶವುಂಟು. ಈ ನಕ್ಷೆ, ಪಹಣಿ, ಹಳೆಯ ತೆರಿಗೆ ರಸೀದಿಗಳನ್ನು ಕಲೆಹಾಕುವುದಕ್ಕೆ ಕಚೇರಿಯ ಭಾಷೆ ಬಲ್ಲ, ಕೊಂಕಣಿಯೂ ಬರುವ ಒಬ್ಬರಿಗೆ ವರ್ಷಪೂರ್ತಿ ಸಂಬಳ ಕೊಟ್ಟರೆ ಹತ್ತು ಮನೆ ಕಟ್ಟಿಸಿದ್ದಕ್ಕಿಂತ ಹೆಚ್ಚು ಕೆಲಸವಾದೀತು.

ಜನರನ್ನು ಎಬ್ಬಿಸಿ ಊರಾಚೆ ಕಾಲೊನಿಗೆ ಒಯ್ಯುವ ಯೋಜನೆಗೆ ನಮ್ಮ ಬೆಂಬಲವಿಲ್ಲ. ಬಂದರಿನ ಪಕ್ಕದ ಮೀನುಗಾರ್ತಿ ಬೆಳಗಿನ ಜಾವ ದಕ್ಕೆಗೆ (ದೋಣಿಗಳು ಮೀನು ಇಳಿಸುವ ಕಟ್ಟೆಗೆ) ನಡೆದು ಹೋಗುತ್ತಾಳೆ. ಎಂಟು ಕಿಲೋಮೀಟರ್ ಆಚೆಯ ಪಕ್ಕಾ ಮನೆ ಅವಳ ವ್ಯಾಪಾರವನ್ನೇ ಕಿತ್ತುಕೊಳ್ಳುತ್ತದೆ. ಪುಣೆಯ ಯೆರವಡಾದಲ್ಲಿ ಸ್ಪಾರ್ಕ್ ಮತ್ತು ಮಹಿಳಾ ಮಿಲನ್ ಸಂಸ್ಥೆಗಳು ಪಕ್ಕಾ ಮನೆಗಳನ್ನು ಹಾಗೇ ಬಿಟ್ಟು, ಕಚ್ಚಾ ಮನೆಗಳನ್ನಷ್ಟೇ ಇದ್ದಲ್ಲಿಯೇ ಹೊಸದಾಗಿ ಕಟ್ಟಿಸಿದವು. ಮನೆಯವರ ಪಾಲು ಶೇ. 10. ಅನುಸರಿಸಬೇಕಾದ ಕ್ರಮ ಅದು.

ಚರಂಡಿಯ ವಿಷಯ ಚಿಕ್ಕದು, ಆದರೆ ಮನೆ ಹಾಳಾಗುವುದು ಅದರಿಂದಲೇ. ಪ್ರತಿ ಸಲ ಡಾಂಬರು ಹಾಕುವಾಗ ಹಳೆಯ ಪದರ ಕೆರೆಯದೆ ಮೇಲೆ ಹೊಸದನ್ನು ಹೊದಿಸುತ್ತಾರೆ, ರಸ್ತೆ ಏರುತ್ತದೆ, ಜಗಲಿ ತಗ್ಗಾಗುತ್ತದೆ, ಚರಂಡಿ ಸೇರಬೇಕಾದ ನೀರು ಮನೆಗೆ ನುಗ್ಗುತ್ತದೆ. ಹೊಸ ಮನೆಯ ಪಾಯ ರಸ್ತೆಗಿಂತ 60 ಸೆಂ.ಮೀ. ಮೇಲಿರಲಿ, ಕೆರೆದೇ ಡಾಂಬರು ಹಾಕಬೇಕೆಂದು ವಾರ್ಡಿನವರು ಟೆಂಡರಿಗೆ ಮೊದಲೇ ಬರೆದುಕೊಡಲಿ.

ಇನ್ನು ಹಣ ಕಳಿಸುವ ದಾರಿ. ಎಲ್ಲರಿಂದ ಸಂಗ್ರಹಿಸಿ ಕೂಟದ ಖಾತೆಯಿಂದ ಕಳಿಸಿದರೆ, ಕೊಟ್ಟವರೆಲ್ಲ ಭಾರತದ ಪ್ರಜೆಗಳಾದರೂ ಅದು ವಿದೇಶಿ ದೇಣಿಗೆಯೇ, ಏಕೆಂದರೆ ವಿದೇಶದಲ್ಲಿ ನೋಂದಾಯಿತವಾದ ಸಂಘ ಎಫ್‌ಸಿಆರ್‌ಎ (ಭಾರತದ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಪ್ರಕಾರ ವಿದೇಶಿ ಮೂಲ. ಅಮೆರಿಕದ ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಹೊಂದಿದವರ ಹಣವೂ ಹಾಗೆಯೇ. ಅದನ್ನು ಪಡೆಯಬಲ್ಲದ್ದು ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆ ಮಾತ್ರ, ಅದೂ ಎಸ್‌ಬಿಐ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. 2020ರ ತಿದ್ದುಪಡಿಯ ನಂತರ ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ನೇರವಾಗಿ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ಆದ್ದರಿಂದ ಕೈಹಣದ ನಿಧಿಗೆ ಭಾರತೀಯ ಪ್ರಜೆಗಳು ತಮ್ಮ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಯಿಂದ (ಅನಿವಾಸಿಗಳು ಭಾರತದ ಬ್ಯಾಂಕಿನಲ್ಲಿ ಇಡುವ ಖಾತೆ) ಒಬ್ಬೊಬ್ಬರಾಗಿ ಕಳಿಸಿ, ಪಾಸ್‌ಪೋರ್ಟ್ ಪ್ರತಿಯನ್ನು ಸಂಘಕ್ಕೆ ಕೊಟ್ಟಿರಲಿ. ಇಲ್ಲಿಯ ತೆರಿಗೆ ವಿನಾಯಿತಿ ಇದಕ್ಕೆ ಸಿಗುವುದಿಲ್ಲ. ಉಳಿದವರ ಹಣ ನೋಂದಾಯಿತ ಸಂಸ್ಥೆಯ ಮೂಲಕ ಚರಂಡಿಗೆ ಮತ್ತು ಕಾಗದಪತ್ರದ ಕೆಲಸಕ್ಕೆ ಹೋಗಲಿ. ಎರಡೂ ಅಕ್ಟೋಬರ್ ಮುಗಿಯುವುದರೊಳಗೆ ತಲುಪಿದರೆ ದೀಪಾವಳಿಗೆ ಕಲ್ಲು ಖರೀದಿಸಬಹುದು.