ಬರೆ ಮೇಲಿನ ಮನೆಗೆ ನೊರೆ ಬ್ಲಾಕ್

ಮಾನ್ಯ ಸಂಪಾದಕರೇ,

2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಲ್ಲಿ ಬರೆ (ಗುಡ್ಡದ ಇಳಿಜಾರು) ಜರಿದಿದ್ದು ನೋಡಿದ ಮೇಲೆ ಗುಡ್ಡದಲ್ಲಿ ಮನೆ ಕಟ್ಟೋರು ಗೋಡೆ ಭಾರದ ಬಗ್ಗೆನೂ ಯೋಚ್ನೆ ಮಾಡ್ಬೇಕು ಅಂತ ನಂಗೆ ಅನ್ಸುತ್ತೆ. ಆರಿಂಚಿನ ಸಾಲಿಡ್ ಕಾಂಕ್ರೀಟ್ ಬ್ಲಾಕ್ ಒಂದೊಂದೂ ಸುಮಾರು 25 ಕೆಜಿ, ಲಾರಿ ಹತ್ತದ ಕಡೆ ಹೆಂಗಸರು ತಲೆ ಮೇಲೆ ಸಿಂಬಿ ಇಟ್ಕೊಂಡು ಜಾರೋ ಕೆಸರಲ್ಲಿ ಹೊತ್ಕೊಂಡು ಹೋಗೋದು ನೋಡಿದ್ರೆ ಸಂಕಟ ಆಗುತ್ತೆ. ಸಿಮೆಂಟ್, ಹಾರುಬೂದಿ (ಕಲ್ಲಿದ್ದಲು ಸುಟ್ಟಾಗ ಬರೋ ಬೂದಿ), ನೀರಿಗೆ ನೊರೆ ಬೆರೆಸಿ ಮಾಡೋ ಸಿಎಲ್‌ಸಿ (ಹಗುರ ಕಾಂಕ್ರೀಟ್) ಬ್ಲಾಕ್ ಅದೇ ಅಳತೆಗೆ 10 ಕೆಜಿ ಆಸುಪಾಸು ಬರುತ್ತೆ, ಒಳಗೆಲ್ಲಾ ಸಣ್ಣ ಸಣ್ಣ ಗಾಳಿಗುಳ್ಳೆ ಇರೋದ್ರಿಂದ ಚಳಿನೂ ತಡೆಯುತ್ತೆ.

ಆದ್ರೆ ಇದು ಪಿಲ್ಲರ್, ಬೀಮ್ ಮಧ್ಯೆ ತುಂಬೋಕೆ ಮಾತ್ರ, ಇದರ ಮೇಲೇ ಆರ್‌ಸಿಸಿ ಚಾವಣಿ ಕೂರಿಸೋ ಸಾಹಸ ಬೇಡ. ನಮ್ಮ ಮಳೆಗೆ ಹೊರಗಡೆ ಪ್ಲಾಸ್ಟರ್ ಇಲ್ದೆ ಬಿಟ್ರೆ ನೀರು ಹೀರ್ಕೊಳ್ಳುತ್ತೆ. ನಾನು ತರಿಸಿದ ಲೋಡ್‌ನಲ್ಲಿ ಸರಿಯಾಗಿ ಕ್ಯೂರಿಂಗ್ (ತೇವದಲ್ಲಿಟ್ಟು ಗಟ್ಟಿ ಮಾಡೋದು) ಆಗದ ಬ್ಲಾಕ್ ಬಂದು, ಇಳಿಸುವಾಗ್ಲೇ ಮೂಲೆ ಉದುರಿತು, ಆಮೇಲೆ ಗೋಡೆಲೂ ಬಿರುಕು ಬಿಡ್ತು. ಈ ಬ್ಲಾಕ್‌ಗೆ ಐಎಸ್ (ಭಾರತೀಯ ಮಾನಕ) 2185ರ 4ನೇ ಭಾಗ ಅಂತ ಮಾನದಂಡನೇ ಇದೆ, ಪಂಚಾಯ್ತಿ ಇಂಜಿನಿಯರ್‌ಗಳು ಟೆಸ್ಟ್ ರಿಪೋರ್ಟ್ ಕೇಳಿ ನೋಡೋ ಹಾಗೆ ಜಿಲ್ಲಾಡಳಿತ ಮಾಡ್ಲಿ, ಮೇಸ್ತ್ರಿಗಳಿಗೆ ಮಡಿಕೇರಿಯಲ್ಲಿ ಒಂದೆರಡು ದಿನ ಟ್ರೈನಿಂಗೂ ಕೊಡಿಸ್ಲಿ.

– ಓರ್ವ ಓದುಗ, ಮಡಿಕೇರಿ ತಾಲ್ಲೂಕು