ಮಗಳಿಗೊಂದು ಪತ್ರ: ತಪ್ಪು ಉತ್ತರವನ್ನೂ ಬರೆದುಕೋ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನೀನು ವಾಟ್ಸಾಪಿನಲ್ಲಿ ಕಳಿಸಿದ ಪಾಠ ಯೋಜನೆಯನ್ನು ರಾತ್ರಿ ಅಡುಗೆ ಮನೆ ಕೆಲಸ ಮುಗಿಸಿ ಪೂರ್ತಿ ಓದಿದೆ. ಅಕ್ಷರ ಚೆನ್ನಾಗಿದೆ. ಕಲಿಕಾ ಫಲ ಸ್ಪಷ್ಟವಾಗಿದೆ. ಕಪ್ಪು ಹಲಗೆಯ ಮೇಲೆ ಏನು ಎಲ್ಲಿ ಬರಬೇಕು ಅಂತ ಹಾಕಿರುವ ಚಿತ್ರವೂ ಅಚ್ಚುಕಟ್ಟಾಗಿದೆ. "ರೆಕಾರ್ಡ್ ಬರೆದೂ ಬರೆದೂ ಸಾಕಾಯ್ತು, ಇದರಿಂದ ನಿಜವಾಗಿ ಪಾಠ ಮಾಡೋಕೆ ಬರುತ್ತಾ ಅಮ್ಮ?" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಅಲ್ಲೇ ಉಳಿದುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಬರುತ್ತದೆ. ಆದರೆ ಒಂದು ಕಾಲಂ ನೀನು ಬೇರೆ ಥರ ಬರೆಯಬೇಕು. "ವಿದ್ಯಾರ್ಥಿಗಳ ಚಟುವಟಿಕೆ" ಅಂತ ಇದೆಯಲ್ಲ, ಅದು. ಅಲ್ಲಿ ನೀನು ಮೇಲಿಂದ ಕೆಳಗಿನವರೆಗೆ "ವಿದ್ಯಾರ್ಥಿಗಳು ಗಮನವಿಟ್ಟು ಆಲಿಸುವರು", "ಸರಿಯಾಗಿ ಉತ್ತರಿಸುವರು", "ಟಿಪ್ಪಣಿ ಮಾಡಿಕೊಳ್ಳುವರು" ಅಂತ ಬರೆದಿದ್ದೀಯ. ಎಲ್ಲರೂ ಹೀಗೇ ಬರೆಯುತ್ತಾರೆ. ನಾವು ಟಿಸಿಎಚ್, ಅಂದರೆ ಪ್ರಾಥಮಿಕ ಶಾಲೆ ಶಿಕ್ಷಕರ ತರಬೇತಿ, ಓದುವಾಗಲೂ ಇದೇ ಸಾಲುಗಳಿದ್ದವು. ಆಮೇಲೆ ಟಿಸಿಎಚ್ ಹೋಗಿ ಡಿ.ಎಡ್ ಆಯ್ತು, ಡಿ.ಎಡ್ ಹೋಗಿ ಡಿ.ಎಲ್.ಎಡ್ ಆಯ್ತು, ಈ ಸಾಲುಗಳು ಮಾತ್ರ ಹೋಗಿಲ್ಲ. ಎಲ್ಲ ಮಕ್ಕಳೂ ಸರಿಯಾಗಿಯೇ ಉತ್ತರ ಹೇಳುವ ಹಾಗಿದ್ದರೆ ಆ ಪಾಠವೇ ಬೇಡ, ಅಲ್ವಾ? ಆ ಕಾಲಂನಲ್ಲಿ ಮಕ್ಕಳು ನಿಜವಾಗಿ ಏನು ಹೇಳಬಹುದು ಅಂತ ಬರೆ. ಯಾವ ತಪ್ಪು ಮಾಡಬಹುದು, ಯಾಕೆ ಮಾಡಬಹುದು ಅಂತ ಬರೆ. ಅದನ್ನು ಬರೆಯಲು ಬಂದ ದಿನ ನಿನ್ನ ಬಿ.ಎಡ್ ಓದು ಕೈಗೆ ಹತ್ತಿತು ಅಂತ ನಾನು ತಿಳಿಯುತ್ತೇನೆ.

ಒಂದು ಲೆಕ್ಕ ಹೇಳುತ್ತೇನೆ ನೋಡು. 52ರಲ್ಲಿ 27 ಕಳೆ ಅಂದರೆ ಎಷ್ಟೋ ಮಕ್ಕಳು 35 ಅಂತ ಬರೆಯುತ್ತಾರೆ. ನೋಡಿದ ತಕ್ಷಣ "ಗಮನ ಇಲ್ಲ" ಅಂತ ಕೆಂಪು ಗೆರೆ ಎಳೆಯುವವರೇ ಜಾಸ್ತಿ. ಆ ಮಗುವಿಗೆ ಇನ್ನೊಂದು ಲೆಕ್ಕ ಕೊಟ್ಟು ನೋಡು: 41ರಲ್ಲಿ 18. ಅವನು 37 ಅಂತ ಬರೆದರೆ ಗಮನ ಇಲ್ಲದ್ದಲ್ಲ, ಅವನಲ್ಲಿ ಒಂದು ನಿಯಮ ಇದೆ ಅಂತ ಅರ್ಥ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಅಂತ ಒಂದನೇ ತರಗತಿಯಲ್ಲಿ ನಾವೇ ಹೇಳಿಕೊಟ್ಟಿರುತ್ತೇವೆ. ಅವನು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಾನೆ. ಏಳರಲ್ಲಿ ಎರಡು ಹೋದರೆ ಐದು, ಎಂಟರಲ್ಲಿ ಒಂದು ಹೋದರೆ ಏಳು. ಯಾವುದು ಮೇಲಿದೆ, ಯಾವುದು ಕೆಳಗಿದೆ ಅನ್ನುವುದು ಅವನಿಗೆ ಮುಖ್ಯವಲ್ಲ.

ನಮ್ಮ ಶಾಲೆಯಲ್ಲಿ ಹೋದ ತಿಂಗಳು ಹೀಗೆ ಬರೆದ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ರಬ್ಬರ್ ಬ್ಯಾಂಡ್ ಹಾಕಿದ ಹತ್ತರ ಕಟ್ಟು ಐದು, ಬಿಡಿ ಕಡ್ಡಿ ಎರಡು ಕೊಟ್ಟೆ. "ನನಗೆ ಇಪ್ಪತ್ತೇಳು ಕಡ್ಡಿ ಕೊಡಪ್ಪ" ಅಂದೆ. ಎರಡು ಕಟ್ಟು ಎತ್ತಿ ಕೊಟ್ಟ. ಆಮೇಲೆ ಎರಡು ಬಿಡಿ ಕಡ್ಡಿ ಕೊಟ್ಟ. ಕೈ ನಿಂತಿತು. ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ. ಒಂದು ಕಟ್ಟು ಕೈಗೆ ತೆಗೆದುಕೊಂಡ, ಮತ್ತೆ ಕೆಳಗಿಟ್ಟ. "ಬಿಚ್ಚಲಾ ಮಿಸ್?" ಅಂತ ಕೇಳಿದ. ಬಿಚ್ಚಿ ಇನ್ನೈದು ಎಣಿಸಿ ಕೊಟ್ಟು, ಉಳಿದದ್ದನ್ನು ಎಣಿಸಿದ. ಎರಡು ಕಟ್ಟು, ಐದು ಬಿಡಿ. ಸ್ಲೇಟಿನಲ್ಲಿ ತಾನೇ ಬರೆದಿದ್ದ 35ನ್ನು ನೋಡಿ ಕೈಯಲ್ಲಿ ಅಳಿಸಿದ. ದಶಕ ತೆಗೆದುಕೊಳ್ಳುವುದು ಅಂದರೆ ಏನು ಅಂತ ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದು ತೋರಿಸಿದ್ದರೂ ಆ ರಬ್ಬರ್ ಬ್ಯಾಂಡ್ ಬಿಚ್ಚಿದ್ದಕ್ಕೆ ಸಮ ಆಗುತ್ತಿರಲಿಲ್ಲ.

ನೀನು ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳುವವಳು. ಅಲ್ಲೂ ಇದೇ ಕಥೆ. 0.35 ದೊಡ್ಡದೋ 0.7 ದೊಡ್ಡದೋ ಅಂತ ಕೇಳಿ ನೋಡು. 35 ಏಳಕ್ಕಿಂತ ದೊಡ್ಡದು, ಹಾಗಾಗಿ 0.35 ದೊಡ್ಡದು ಅನ್ನುವವರು ಎಂಟನೇ ತರಗತಿಯಲ್ಲೂ ಸಿಗುತ್ತಾರೆ. (a+b)² ಅಂದರೆ a²+b² ಅಂತ ಬರೆಯುವವರಂತೂ ಪ್ರತಿ ಬೆಂಚಿನಲ್ಲೂ ಇರುತ್ತಾರೆ. ಅವರಿಗೆ ಸೂತ್ರವನ್ನು ಹತ್ತು ಸಲ ಬರೆಸಬೇಡ. 3 ಮತ್ತು 4 ಹಾಕಿ ನೋಡಿ ಅನ್ನು. ಏಳರ ವರ್ಗ 49, ಇವರ ಲೆಕ್ಕದಲ್ಲಿ 9 ಮತ್ತು 16 ಸೇರಿ 25. ಉಳಿದ 24 ಎಲ್ಲಿ ಹೋಯ್ತು? ಚೌಕುಳಿ ಹಾಳೆಯಲ್ಲಿ ಏಳು ಮನೆಯ ಚೌಕ ಬರೆಸಿ ಹುಡುಕಲು ಬಿಡು. ಮೂರು ನಾಲ್ಕರ ಎರಡು ಆಯತಗಳು ಅವರ ಕಣ್ಣಿಗೇ ಬೀಳುತ್ತವೆ. ಇಂಥದ್ದನ್ನೆಲ್ಲ ಆ ಕಾಲಂನಲ್ಲಿ ಬರೆದಿಟ್ಟುಕೊಂಡು ಹೋದರೆ ತರಗತಿಯಲ್ಲಿ ಗಾಬರಿ ಆಗುವುದಿಲ್ಲ. ತಪ್ಪು ಉತ್ತರ ಬಂದಾಗ "ಬೇರೆ ಯಾರು ಹೇಳ್ತೀರಿ?" ಅಂತ ಮುಂದಿನ ಬೆಂಚಿಗೆ ಓಡುವ ಬದಲು ಅಲ್ಲೇ ನಿಲ್ಲಲು ಧೈರ್ಯ ಬರುತ್ತದೆ.

ಮೈಕ್ರೋ ಟೀಚಿಂಗ್ ನಾಟಕದ ಥರ ಇದೆ ಅಂದೆಯಲ್ಲ, ಅದರ ಬಗ್ಗೆಯೂ ಒಂದು ಮಾತು. ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಮತ್ತೆ ಆರು ನಿಮಿಷ ಪಾಠ, ಮತ್ತೆ ಆರು ನಿಮಿಷ ಹಿಮ್ಮಾಹಿತಿ. ಒಟ್ಟು 36 ನಿಮಿಷದ ಸುತ್ತು. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಪದ್ಧತಿ ಇದು. ಒಂದು ಸಲಕ್ಕೆ ಒಂದೇ ಕೌಶಲ ಹಿಡಿದು ಅಭ್ಯಾಸ ಮಾಡಲಿ ಅನ್ನುವುದು ಅದರ ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಎದುರಿಗೆ ಮಕ್ಕಳ ಜಾಗದಲ್ಲಿ ಕೂತಿರುವವರು ನಿನ್ನ ಗೆಳತಿಯರು. ಬಿ.ಎಸ್ಸಿ ಮುಗಿಸಿ ಬಂದವರು ಪೈಥಾಗೊರಸ್ ಪ್ರಮೇಯವನ್ನು ತಟ್ಟನೆ ಹೇಳದೆ ಇರುತ್ತಾರಾ? ನೀನು ಮೊದಲೇ ಅವರಿಗೆ ಚೀಟಿ ಕೊಡು. "ನೀನು ಈ ತಪ್ಪು ಹೇಳು, ನೀನು ಸುಮ್ನೆ ಕೂತಿರು, ನೀನು ಸರಿ ಉತ್ತರ ಹೇಳು, ಆದರೆ ಯಾಕೆ ಅಂದರೆ ಗೊತ್ತಿಲ್ಲ ಅನ್ನು" ಅಂತ. ಪ್ರಶ್ನಿಸುವ ಕೌಶಲ ಆಗ ನೋಡು ಹೇಗೆ ಬೆಳೆಯುತ್ತದೆ.

ಈಗ ನನ್ನ ಸಮಾಚಾರ. ನಾನೂ ಓದುತ್ತಿದ್ದೇನೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ನಿನಗೆ ಗೊತ್ತಲ್ಲ. ನಿವೃತ್ತಿಗೆ ಐದು ವರ್ಷಕ್ಕಿಂತ ಜಾಸ್ತಿ ಇರುವ ಶಿಕ್ಷಕರೂ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸಾಗಬೇಕು ಅಂತ. ನಮ್ಮ ಸ್ಟಾಫ್ ರೂಮಿನಲ್ಲಿ ಅದರ ಬಗ್ಗೆ ಎಷ್ಟು ಮಾತು, ಎಷ್ಟು ಆತಂಕ! ಇಷ್ಟು ವರ್ಷ ಪಾಠ ಮಾಡಿದವರಿಗೆ ಈಗ ಪರೀಕ್ಷೆ ಯಾಕೆ ಅಂತ ನನಗೂ ನೋವಾಯಿತು. ಆ ನೋವು ಈಗಲೂ ಇದೆ. ಆದರೂ ಗೈಡ್ ತರಿಸಿಕೊಂಡೆ. ಒಂದರಿಂದ ಐದರವರೆಗೆ ಕಲಿಸುವವರು ಬರೆಯುವ ಪೇಪರ್ 1ರಲ್ಲಿ 150 ಅಂಕ. ಎರಡು ಭಾಷೆ, ಗಣಿತ, ಪರಿಸರ ಅಧ್ಯಯನ, ಜೊತೆಗೆ ಶಿಶು ವಿಕಾಸ ಮತ್ತು ಬೋಧನಾ ಶಾಸ್ತ್ರ, ಒಂದೊಂದಕ್ಕೂ 30. ಈ ಕೊನೆಯ ಭಾಗ ಓದಲು ಕೂತವಳಿಗೆ ಪುಸ್ತಕ ಕೆಳಗಿಡಲು ಮನಸ್ಸಾಗಲಿಲ್ಲ.

ಮಕ್ಕಳ ಯೋಚನೆ ಹೇಗೆ ಬೆಳೆಯುತ್ತದೆ ಅಂತ ಅಧ್ಯಯನ ಮಾಡಿದ ಮನೋವಿಜ್ಞಾನಿ ಪಿಯಾಜೆಯ ಪ್ರಯೋಗ ಓದಿ ಮಾರನೇ ದಿನವೇ ಹುಣಸೆ ಬೀಜ ತೆಗೆದುಕೊಂಡು ಹೋದೆ. ಎರಡು ಸಾಲಿನಲ್ಲಿ ಆರಾರು ಬೀಜ ಎದುರು ಬದುರು ಇಟ್ಟೆ. ಒಂದನೇ ತರಗತಿಯ ಹುಡುಗಿ ಎರಡೂ ಸಮ ಅಂದಳು. ಅವಳ ಕಣ್ಣೆದುರೇ ಒಂದು ಸಾಲನ್ನು ಅಗಲ ಮಾಡಿದೆ. ಈಗ? "ಇದೇ ಜಾಸ್ತಿ ಮಿಸ್" ಅಂತ ಅಗಲದ ಸಾಲು ತೋರಿಸಿದಳು. ಎಣಿಸು ಅಂದೆ. ಎರಡನ್ನೂ ಎಣಿಸಿ ಆರು, ಆರು ಅಂದಳು. ಆದರೂ ಯಾವುದು ಜಾಸ್ತಿ ಅಂದರೆ ಅದೇ ಸಾಲು! ಎಣಿಸಲು ಬಂದ ಮಾತ್ರಕ್ಕೆ ಸಂಖ್ಯೆ ಅರ್ಥವಾಗಿದೆ ಅಂತಲ್ಲ. ನೂರರವರೆಗೆ ಬಾಯಿಪಾಠ ಹೇಳುವ ಮಗುವನ್ನು ನೋಡಿ ಬೀಗುವ ತಂದೆ ತಾಯಿಗೆ ಇದನ್ನು ತೋರಿಸಬೇಕು ಅನ್ನಿಸಿತು.

ಇನ್ನೊಬ್ಬ ಮನೋವಿಜ್ಞಾನಿ ವೈಗಾಟ್ಸ್ಕಿಯನ್ನು ಓದಿದಾಗ ಇನ್ನೂ ಖುಷಿಯಾಯಿತು. ಪಿಯಾಜೆ, ವೈಗಾಟ್ಸ್ಕಿ ಇಬ್ಬರೂ ಹುಟ್ಟಿದ್ದು 1896ರಲ್ಲೇ. ಪಿಯಾಜೆ ತುಂಬು ಬಾಳು ಬಾಳಿದರು, ವೈಗಾಟ್ಸ್ಕಿ ಕ್ಷಯದಿಂದ 37ನೇ ವಯಸ್ಸಿಗೇ ತೀರಿಕೊಂಡರು. ಮಗು ಒಬ್ಬಂಟಿಯಾಗಿ ಮಾಡಲಾಗದ್ದನ್ನು ತಿಳಿದವರ ನೆರವಿನಿಂದ ಇವತ್ತು ಮಾಡುತ್ತದೆ, ನಾಳೆ ಅದನ್ನೇ ತಾನಾಗಿ ಮಾಡುತ್ತದೆ ಅಂತ ವೈಗಾಟ್ಸ್ಕಿ ಹೇಳಿದ್ದು. ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳಲ್ಲಿ ಕಾರ್ಡು ಹಿಡಿದು ಕಲಿಯುವ ನಮ್ಮ ನಲಿ ಕಲಿ ಪದ್ಧತಿಯ ತಟ್ಟೆಗಳನ್ನು, ಅಂದರೆ ಮಕ್ಕಳು ಗುಂಪಾಗಿ ಕೂರುವ ಜಾಗಗಳನ್ನು, ನೆನಪು ಮಾಡಿಕೋ. ಮೊದಲ ತಟ್ಟೆಯಲ್ಲಿ ಶಿಕ್ಷಕರ ಪೂರ್ತಿ ಬೆಂಬಲ, ಆಮೇಲೆ ಸ್ವಲ್ಪ ಬೆಂಬಲ, ಆಮೇಲೆ ಗೆಳೆಯರ ಬೆಂಬಲ, ಕೊನೆಗೆ ಸ್ವಕಲಿಕೆ. ಅದೇ ಮಾತು ತಾನೇ? ಚಿಕ್ಕವಳಿದ್ದಾಗ ನನ್ನ ತರಗತಿಯಲ್ಲಿ ನೀನೂ ತಟ್ಟೆಯಿಂದ ತಟ್ಟೆಗೆ ಕಾರ್ಡು ಹಿಡಿದು ಓಡಾಡಿದವಳೇ.

ನಲಿ ಕಲಿ ಶುರುವಾದದ್ದು ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿನಲ್ಲೇ, 1995ರಲ್ಲಿ. ಇಲ್ಲಿಯ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿ ಬಂದರು. ಯುನಿಸೆಫ್ ನೆರವು ಕೊಟ್ಟಿತು. ಕಾರ್ಡುಗಳನ್ನು ಬರೆದವರು, ಹಾಡು ಕಟ್ಟಿದವರು, ಕಲಿಕೆಯ ಏಣಿಯ ಮೆಟ್ಟಿಲು ಜೋಡಿಸಿದವರು ಇದೇ ಮೇಷ್ಟ್ರುಗಳು. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಹೋಯಿತು. ಅಕ್ಷರ ಕಲಿಸುವ ಕ್ರಮವನ್ನೇ ನೋಡು. ಅ ಆ ಇ ಈ ಅಂತ ಶುರುವಾಗುವುದಿಲ್ಲ. ರ, ಗ, ಸ, ದ, ಅ. ಬರೆಯಲು ಸುಲಭ, ದುಂಡನೆಯ ಗೆರೆಗಳು. ಈ ಐದೇ ಅಕ್ಷರ ಬಂದರೆ ಸರ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ವರ್ಷವಿಡೀ ವರ್ಣಮಾಲೆ ತಿದ್ದಿ ಆಮೇಲೆ ಪದಕ್ಕೆ ಬರುವುದಲ್ಲ, ಮೊದಲ ವಾರಗಳಲ್ಲೇ ಮಗು ಒಂದು ಪದ ಓದಿ ನಗುತ್ತದೆ. ಮಕ್ಕಳು ಎಲ್ಲಿ ತಡವರಿಸುತ್ತಾರೆ ಅಂತ ಕಣ್ಣಾರೆ ನೋಡಿದವರಿಗಷ್ಟೇ ಹೊಳೆಯುವ ಕ್ರಮ ಅದು. ನಿನ್ನ ಪಠ್ಯಕ್ರಮದ ಪತ್ರಿಕೆಯಲ್ಲಿ ದೊಡ್ಡ ದೊಡ್ಡ ಹೆಸರುಗಳು ಬರುತ್ತವೆ, ಓದು. ಅದರ ಪಕ್ಕದಲ್ಲಿ ಇದನ್ನೂ ಬರೆದುಕೋ.

ಚಿಕ್ಕಮ್ಮ ಮೊನ್ನೆ ಬಂದಾಗ "ನಾನು ಒಂದೇ ವರ್ಷದಲ್ಲಿ ಬಿ.ಎಡ್ ಮುಗಿಸಿದೆ, ಇವಳಿಗೆ ಎರಡು ವರ್ಷ ಯಾಕೆ ದಂಡ" ಅಂದಳು. ದಂಡ ಅಲ್ಲ ಅಂತ ಹೇಳಿದ್ದೇನೆ. ಶಿಕ್ಷಕರ ತರಬೇತಿ ಹೇಗೆ ನಡೆಯುತ್ತಿದೆ ಅಂತ ನೋಡಲು ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟಿತು. ಅದಾದ ಮೇಲೆ ಶಿಕ್ಷಕರ ತರಬೇತಿಯ ನಿಯಮ ಮಾಡುವ ರಾಷ್ಟ್ರೀಯ ಸಂಸ್ಥೆ ಎನ್‌ಸಿಟಿಇ 2014ರಲ್ಲಿ ಹೊಸ ನಿಯಮ ತಂದು ಕೋರ್ಸನ್ನು ಎರಡು ವರ್ಷ ಮಾಡಿತು. ಅದರಲ್ಲಿ 20 ವಾರ ಶಾಲೆಯಲ್ಲೇ ಇರಬೇಕು. ಮೊದಲ ವರ್ಷ 4, ಎರಡನೇ ವರ್ಷ 16. ಈ 16 ವಾರಗಳೇ ನಿನ್ನ ನಿಜವಾದ ಓದು. ಕೆಲವರು ಹತ್ತಿರದ ಶಾಲೆ ಸಿಗಲಿ, ಹಾಜರಿಗೆ ಸಹಿ ಹಾಕಿ ಬಂದರಾಯ್ತು ಅಂದುಕೊಳ್ಳುತ್ತಾರೆ. ನೀನು ಹಾಗೆ ಮಾಡಬೇಡ.

ಶಾಲೆಗೆ ಹೋದ ಮೊದಲ ವಾರ ಪಾಠ ಮಾಡಲು ಆತುರ ಪಡಬೇಡ. ಕೊನೆಯ ಬೆಂಚಿನಲ್ಲಿ ಕೂರು. ಮಕ್ಕಳ ಹಳೆಯ ನೋಟ್‌ಬುಕ್ ಕೇಳಿ ಇಸಿದುಕೊಂಡು ಮನೆಗೆ ತಂದು ಓದು, ಅದರಲ್ಲೂ ರಫ್ ಪುಸ್ತಕ. ಮಕ್ಕಳು ಹೇಗೆ ಯೋಚಿಸುತ್ತಾರೆ ಅನ್ನುವುದು ಅಲ್ಲಿ ಸಿಕ್ಕಷ್ಟು ಪರೀಕ್ಷೆಯ ಪತ್ರಿಕೆಯಲ್ಲಿ ಸಿಗುವುದಿಲ್ಲ. ಎಲ್ಲರ ಹೆಸರು ಕಲಿ. ಮನೆಯಲ್ಲಿ ಯಾವ ಮಾತು ಆಡುತ್ತಾರೆ ಅಂತ ಕೇಳು. ನಮ್ಮ ಶಾಲೆಗೆ ಜೇನುಕುರುಬ ಬುಡಕಟ್ಟಿನವರ ಹಾಡಿಯಿಂದ ಬರುವ ಮಕ್ಕಳ ಮನೆಮಾತು ಪುಸ್ತಕದ ಕನ್ನಡವಲ್ಲ. ಮೊದಮೊದಲು ತರಗತಿಯಲ್ಲಿ ಬಾಯಿಯೇ ಬಿಡುವುದಿಲ್ಲ. ಅದೇ ಮಕ್ಕಳು ಊಟದ ಬಿಡುವಿನಲ್ಲಿ ತಮ್ಮ ತಮ್ಮಲ್ಲೇ ಗೋಲಿ ಲೆಕ್ಕ ಮಾಡುವುದನ್ನು ಕೇಳಬೇಕು ನೀನು! ಯಾರ ಬಳಿ ಎಷ್ಟು, ಸೋತದ್ದೆಷ್ಟು, ಬರಬೇಕಾದದ್ದೆಷ್ಟು, ಒಂದೂ ತಪ್ಪುವುದಿಲ್ಲ. ಅಂಥ ಮಗುವನ್ನು "ಲೆಕ್ಕ ಬರದವನು" ಅಂತ ರಿಜಿಸ್ಟರಿನಲ್ಲಿ ಬರೆಯುವುದು ಅನ್ಯಾಯ. ಎರಡೂ ಮಾತು ಗೊತ್ತಿರುವ ದೊಡ್ಡ ಮಗುವನ್ನು ಪಕ್ಕದಲ್ಲಿ ಕೂರಿಸಿದರೆ ದಾರಿ ಸಿಗುತ್ತದೆ. ಮೈಸೂರಿನ ಶಾಲೆಗಳಲ್ಲೂ ಮನೆಯಲ್ಲಿ ಉರ್ದು, ತಮಿಳು, ತೆಲುಗು, ಹಿಂದಿ ಆಡುವ ಮಕ್ಕಳು ಇದ್ದೇ ಇರುತ್ತಾರೆ. ನಿನ್ನ ಬಿ.ಎಡ್‌ನ ಭಾಷೆಯ ಪತ್ರಿಕೆಯನ್ನು ಕನ್ನಡ ವಿಷಯದವರಿಗೆ ಅಂತ ಬಿಡಬೇಡ, ಗಣಿತದವಳಿಗೇ ಅದು ಜಾಸ್ತಿ ಬೇಕು.

ಕೆಲಸದ ಚಿಂತೆ ಈಗಲೇ ಹಚ್ಚಿಕೊಳ್ಳಬೇಡ. ಆರರಿಂದ ಎಂಟರವರೆಗೆ ಕಲಿಸಲು ನಿನಗೆ ಟಿಇಟಿಯ ಪೇಪರ್ 2 ಬೇಕಾಗುತ್ತದೆ, ಅದರಲ್ಲಿ ಗಣಿತ ವಿಜ್ಞಾನಕ್ಕೇ 60 ಅಂಕ. ಮಾಡಬಲ್ಲೆ. ಒಮ್ಮೆ ಪಾಸಾದರೆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ.

ಇಂಟರ್ನ್‌ಶಿಪ್‌ಗೆ ಯಾವ ಶಾಲೆ ಅಂತ ಹಾಕಿದ ತಕ್ಷಣ ಫೋನ್ ಮಾಡು. ಹತ್ತರ ಕಟ್ಟು, ಬಿಡಿ ಕಡ್ಡಿ ನಿನಗೂ ಒಂದು ಸೆಟ್ ಮಾಡಿಟ್ಟಿದ್ದೇನೆ. ಎಂಟನೇ ತರಗತಿಯವರಿಗೆ ಇದೆಲ್ಲ ಯಾಕೆ ಅನ್ನಬೇಡ, ಬೇಕಾಗುತ್ತದೆ. ಬರುವ ಭಾನುವಾರ ಊರಿಗೆ ಬಂದರೆ ನಿನ್ನ ಮನೋವಿಜ್ಞಾನದ ನೋಟ್ಸ್ ಮರೆಯದೆ ತಾ. ನನ್ನ ಗೈಡಿನಲ್ಲಿ ವೈಗಾಟ್ಸ್ಕಿಗೆ ಕೊಟ್ಟಿರುವುದು ಎರಡೇ ಪುಟ, ನನಗೆ ಅಷ್ಟು ಸಾಲದು.

ನಿನ್ನ,
ಅಮ್ಮ