ಮಗಳಿಗೊಂದು ಪತ್ರ: ಕೇಳದೆ ಉಳಿದ ಪ್ರಶ್ನೆ

ಬೆಂಗಳೂರು
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಅಪ್ಪನ ಆಶೀರ್ವಾದಗಳು.

ಮಧ್ಯಾಹ್ನ ಊಟದ ನಡುವೆ ನಾನು ಎದ್ದು ಹೋದದ್ದು ತಪ್ಪು. ನೀನು ಅಮ್ಮನಿಗೆ ಮಾತ್ರ ಹೇಳಿ ಹೊರಟೆ. ಗೇಟು ಹಾಕಿದ ಸದ್ದು ನನಗೆ ಕೋಣೆಯಲ್ಲಿ ಕೇಳಿಸಿತು. ಅಲ್ಲಿ ಆಡಿದ ಮಾತುಗಳೆಲ್ಲ ಇಬ್ಬರಿಗೂ ನೆನಪಿರುವುದರಿಂದ ಮತ್ತೆ ಬರೆಯುವುದಿಲ್ಲ. ನಾಳೆಯಿಂದ ನಲವತ್ತು ಜನರ ತಂಡದ ಹೊಣೆ ಹೊರುವವಳಿಗೆ, ಎಲ್ಲರೊಡನೆ ಹೊಂದಿಕೊಂಡು ಹೋಗು, ಮೊದಲ ದಿನವೇ ಮುಜುಗರದ ಪ್ರಶ್ನೆ ಎತ್ತಬೇಡ ಎಂದು ನಾನು ಹೇಳಿದೆ. ಪೀಣ್ಯದ ಕಾರ್ಖಾನೆಯಲ್ಲಿ ನೀವು ಹೊಂದಿಕೊಂಡು ಹೋದದ್ದರಿಂದ ಏನಾಯಿತು ಅಪ್ಪ ಎಂದು ನೀನು ಕೇಳಿದೆ. ಅದಕ್ಕೆ ಉತ್ತರ ಕೊಡದೆ ನಾನು ಮಲಗಲಾರೆ.

ಆ ಸಂಗತಿ ನಿನಗೆ ಗೊತ್ತಿರುವುದು ಅಮ್ಮನ ಬಾಯಿಂದ, ಅದೂ ಅರ್ಧ. 1997ರಲ್ಲಿ ನಾನು ಪ್ರೆಸ್ ಶಾಪಿನ ಸೂಪರ್‌ವೈಸರ್ ಆಗಿದ್ದೆ. ಪವರ್ ಪ್ರೆಸ್ಸಿಗೆ ಎರಡು ಗುಂಡಿಗಳಿರುತ್ತವೆ. ಎರಡನ್ನೂ ಎರಡು ಕೈಗಳಿಂದ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಭಾಗ ಡೈ ಮೇಲೆ, ಅಂದರೆ ತಗಡಿಗೆ ಆಕಾರ ಕೊಡುವ ಅಚ್ಚಿನ ಮೇಲೆ, ಇಳಿಯಬೇಕು. ಕೈಗಳೆರಡೂ ಗುಂಡಿಯ ಮೇಲಿರುವಾಗ ಬೆರಳು ಡೈ ಒಳಗೆ ಇರಲಾರದು ಎಂಬುದೇ ಆ ಏರ್ಪಾಡಿನ ತಿರುಳು. ನಮ್ಮ ಹಳೆಯ ಪ್ರೆಸ್ಸುಗಳಲ್ಲಿ ಒಂದು ಗುಂಡಿಗೆ ತಂತಿ ಬಿಗಿದು ಒತ್ತಿಹಿಡಿದರೆ ಒಂದು ಕೈ ಬಿಡುವಾಗುತ್ತಿತ್ತು, ತಗಡು ಇಡುವ ಕೆಲಸ ಬೇಗ ಸಾಗುತ್ತಿತ್ತು. ಮೂರನೆಯ ಪ್ರೆಸ್ಸಿನಲ್ಲಿ ಹಾಗೆ ಬಿಗಿದ ತಂತಿಯನ್ನು ನಾನು ಮೂರು ವಾರ ದಿನವೂ ನೋಡಿದೆ. ಪ್ರತಿ ಬೆಳಿಗ್ಗೆಯ ಸಭೆಯಲ್ಲಿ ನಿನ್ನೆ ಎಷ್ಟು ಪೀಸ್ ಎಂದು ಕೇಳುತ್ತಿದ್ದರು, ನಾನು ಲೆಕ್ಕ ಓದುತ್ತಿದ್ದೆ. ಆ ಒಂದು ಯಂತ್ರದ ಲೆಕ್ಕ ಮಾತ್ರ ಹೇಗೆ ಏರಿತು ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನಾಲ್ಕನೆಯ ವಾರ, ಎರಡನೆಯ ಶಿಫ್ಟಿನಲ್ಲಿ, ಆ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ಹುಡುಗನ ಎಡಗೈಯ ಎರಡು ಬೆರಳುಗಳು ಹೋದವು. ಅವನು ನಿನ್ನ ನಾಮಕರಣಕ್ಕೆ ಬಂದು ಬಾಳೆಲೆ ಹಾಕಿದವನು.

ಅದು ತಾಮ್ರದ ತಂತಿ, ಮೋಟಾರು ಸುತ್ತಲು ಬಳಸುವಂಥದ್ದು. ಕತ್ತರಿಸುವುದಕ್ಕೆ ಒಂದು ಕಟಿಂಗ್ ಪ್ಲಯರ್ ಸಾಕಿತ್ತು, ಅದು ನನ್ನ ಜೇಬಿನಲ್ಲೇ ಇರುತ್ತಿತ್ತು. ಯಂತ್ರದ ಅಪಾಯಕಾರಿ ಭಾಗಗಳಿಗೆ ಭದ್ರವಾದ ರಕ್ಷಣೆ ಇರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯ 21ನೇ ಕಲಂ ಹೇಳುತ್ತಿತ್ತು. ಅದನ್ನು ನಾನು ಬಾಯಿಪಾಠ ಮಾಡಿದ್ದೆ. ಕೆಲಸ ಹೋದರೆ ನಿನ್ನ ಶಾಲೆಯ ಶುಲ್ಕಕ್ಕೆ ಏನು ಗತಿ ಎಂದು ಸುಮ್ಮನಿದ್ದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ ಮಗಳೇ, ನಿನ್ನ ಮೇಲೆ ಆ ಭಾರ ಹೊರಿಸಬಾರದಿತ್ತು. ಕೆಲಸ ಹೋಗುವ ಭಯ ನನಗಿರಲಿಲ್ಲ. ಸಭೆಯಲ್ಲಿ ಆ ತಂತಿಯ ಬಗ್ಗೆ ನಾನು ಕೇಳಿದ ಕೂಡಲೇ ಹನ್ನೊಂದು ಮುಖಗಳು ನನ್ನ ಕಡೆ ತಿರುಗುತ್ತವೆ, ಆ ಗಳಿಗೆಯನ್ನು ತಾಳಲಾರೆ ಎನಿಸಿತ್ತು. ಇಷ್ಟೇ ಕಾರಣ. ಒಂದು ಬೆಳಿಗ್ಗೆ ಬಾಯಿ ತೆರೆದೂ ಇದ್ದೆ. ಏನು ಎಂದು ಸಭೆ ನಡೆಸುತ್ತಿದ್ದವರು ಕೇಳಿದಾಗ ಏನಿಲ್ಲ ಸಾರ್ ಎಂದು ಡೈರಿ ಮುಚ್ಚಿದೆ. ಆ ತಂತಿ ಈಗಲೂ ಕಣ್ಣಿಗೆ ಕಟ್ಟುತ್ತದೆ.

ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ವಿಷಯವನ್ನು ಎಷ್ಟೋ ವರ್ಷಗಳ ನಂತರ ಓದಿದೆ. ಚಳಿಯಲ್ಲಿ ರಾಕೆಟ್ಟಿನ ಜೋಡಣೆಯ ರಬ್ಬರ್ ಉಂಗುರಗಳು ಸರಿಯಾಗಿ ಮುಚ್ಚಿಕೊಳ್ಳಲಾರವು ಎಂದು ಎಂಜಿನಿಯರುಗಳು ಹಿಂದಿನ ರಾತ್ರಿಯೇ ಹಾರಾಟವನ್ನು ತಡೆಯಲು ನೋಡಿದ್ದರು. ಹಾರಿಸುವುದು ಸುರಕ್ಷಿತವೇ ಎಂದು ಕೇಳಬೇಕಾದ ಸಭೆ, ಅಪಾಯವೆಂದು ನೀವೇ ಸಾಬೀತು ಮಾಡಿ ಎಂಬಂತೆ ಪ್ರಶ್ನೆಯನ್ನು ಅವರ ಮೇಲೆಯೇ ತಿರುಗಿಸಿತು. 1986ರ ಜನವರಿ 28ರಂದು, ಹಾರಿದ 73 ಸೆಕೆಂಡುಗಳಲ್ಲಿ ನೌಕೆ ಛಿದ್ರವಾಯಿತು, ಏಳು ಜನ ತೀರಿಕೊಂಡರು. ಆ ಎಂಜಿನಿಯರುಗಳು ಕೇಳಿಯಾದರೂ ಸೋತರು. ನಾನು ಕೇಳಲೂ ಇಲ್ಲ.

ಆದ್ದರಿಂದ ಮಧ್ಯಾಹ್ನದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನೀನು ಕೇಳು. ನನ್ನ ಮಗಳು ಹನ್ನೊಂದು ಮುಖಗಳ ಎದುರು ಬಾಯಿ ತೆರೆಯಬಲ್ಲಳು ಎಂಬುದು ನನಗೆ ಹೆಮ್ಮೆ. ಆದರೆ ಭಯವೂ ಇದೆ. ನಿನ್ನ ಪ್ರಶ್ನೆ ಹರಿತ. ಕೇಳಿದ ಮೇಲೆ ನೀನು ಕೈ ತೊಳೆದು ಹೊರಟುಬಿಡುತ್ತೀಯ, ಇಂದು ಮಧ್ಯಾಹ್ನ ಹೊರಟ ಹಾಗೆ. ಎದ್ದು ಹೋದವನು ಮೊದಲು ನಾನೇ ಎಂಬುದನ್ನು ಮರೆತಿಲ್ಲ. ಆದರೂ ನಾಳೆಯಿಂದ ನೀನು ಹಿರಿಯಳು, ಹೊರಡುವ ಅವಕಾಶ ನಿನಗಿಲ್ಲ.

ಶರಣರ ಸಂವಾದಗಳ ಗ್ರಂಥವಾದ ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಸೊನ್ನಲಿಗೆಗೆ ಬರುವ ಪ್ರಸಂಗ ನಿನಗೆ ಚಿಕ್ಕಂದಿನಲ್ಲಿ ಹೇಳಿದ್ದೆ. ಸಿದ್ಧರಾಮರು ಕೆರೆ ಕಟ್ಟಿಸುತ್ತಿದ್ದಾರೆ, ಗುಡಿ ಕಟ್ಟಿಸುತ್ತಿದ್ದಾರೆ, ಊರೆಲ್ಲ ಅವರನ್ನು ಕೊಂಡಾಡುತ್ತಿದೆ. ಅಂಥವರನ್ನು ಅಲ್ಲಮರು ಒಡ್ಡ, ಅಂದರೆ ಕಲ್ಲುಮಣ್ಣಿನ ಕೆಲಸದವನು, ಎಂದು ಕರೆದು ಕೆಣಕುತ್ತಾರೆ. ಕೆಲಸದ ಜನ ಕಲ್ಲು ತೂರುತ್ತಾರೆ. ಹೊರಗೆ ಕಟ್ಟಿದ್ದೆಲ್ಲ ಸರಿ, ಒಳಗೇನಾಯಿತು ಎಂಬುದೇ ಆ ಕೆಣಕಿನ ಅರ್ಥ. ಅಂದು ನಿನಗೆ ಹೇಳುವಾಗ ಕಲ್ಲು ತೂರಿದ ಭಾಗವನ್ನೇ ಹಿಗ್ಗಿಸಿ ಹೇಳುತ್ತಿದ್ದೆ. ಈಗ ನನಗೆ ದೊಡ್ಡದಾಗಿ ಕಾಣುವುದು ಅದರ ಮುಂದಿನದು. ಅಲ್ಲಮರು ಪ್ರಶ್ನೆ ಎಸೆದು ತಮ್ಮ ದಾರಿ ಹಿಡಿಯಲಿಲ್ಲ, ಸಿದ್ಧರಾಮರನ್ನು ಜೊತೆಗೆ ಕರೆದುಕೊಂಡು ಕಲ್ಯಾಣದವರೆಗೆ ನಡೆದರು. ಯಾರನ್ನಾದರೂ ಅವರು ನೆಮ್ಮದಿಯಾಗಿ ಕುಳಿತ ಜಾಗದಿಂದ ಎಬ್ಬಿಸಿದರೆ ಅವರ ಜೊತೆ ಅಷ್ಟು ದೂರ ನಡೆಯಬೇಕಾಗುತ್ತದೆ, ಪುಟ್ಟಿ. ಪ್ರಶ್ನೆ ಕೇಳಿದ ಮೇಲೆ ಉತ್ತರ ಬರುವವರೆಗೆ ಮೌನ ಸಹಿಸು, ತಡವರಿಸುವವರ ಬಾಯಿಗೆ ನೀನೇ ಮಾತು ಕೊಡಬೇಡ. ತಂತಿ ಬಿಗಿದವನು ಯಾರು ಎಂದು ಮೊದಲು ಹುಡುಕಬೇಡ. ಬಿಗಿಯುವಷ್ಟು ಅವಸರ ಅವನಿಗೆ ಎಲ್ಲಿಂದ ಬಂತು ಎಂದು ಕೇಳು. ಉತ್ತರ ನಿನ್ನ ಕುರ್ಚಿಯ ಕಡೆಗೇ ಬಂದರೆ ಎದ್ದು ಹೋಗಬೇಡ. ಮತ್ತೆ ಉಪದೇಶಕ್ಕಿಳಿದೆ. ಕ್ಷಮಿಸು.

ಆ ಹುಡುಗ ಈಗ ತುಮಕೂರಿನ ಹತ್ತಿರ ಇದ್ದಾನೆ, ಮೊಮ್ಮಕ್ಕಳಿದ್ದಾರಂತೆ. ಆಸ್ಪತ್ರೆಗೆ ಎರಡು ಸಲ ಹೋಗಿದ್ದೆ, ಹಣ್ಣು ಕೊಟ್ಟು ಬಂದಿದ್ದೆ. ತಂತಿಯನ್ನು ನೋಡಿದ್ದೆ ಎಂದು ಮಾತ್ರ ಅವನಿಗೆ ಇಂದಿನವರೆಗೂ ಹೇಳಿಲ್ಲ. ಸಂಜೆ ಅವನ ನಂಬರು ಹುಡುಕಿ ಫೋನು ಮಾಡಿದೆ. ಯಾಕೆ ಸಾರ್ ಇದ್ದಕ್ಕಿದ್ದ ಹಾಗೆ ಎಂದ. ಬಂದು ಹೇಳುತ್ತೇನೆ ಎಂದೆ. ಶನಿವಾರ ಬೆಳಿಗ್ಗೆ ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸು ಹತ್ತುತ್ತೇನೆ. ಅಮ್ಮ ನಿನ್ನ ಡಬ್ಬಿಯನ್ನು ತೊಳೆದಿಟ್ಟಿದ್ದಾಳೆ, ನಾಳೆ ಸಂಜೆ ಬಂದು ತೆಗೆದುಕೊಂಡು ಹೋಗು.

ನಿನ್ನ
ಅಪ್ಪ